ತಾರೀಕು ಮುಗಿದ ವೀಲುಗಳು

ಬೂದಿಕೋಟೆಯ ಹಾಲಿನ ಡೇರಿಯ ಮುಂದೆ ಚರಂಡಿಗೆ ಮುಚ್ಚಿದ್ದ ಜಾಲರಿಯಲ್ಲಿ ನನ್ನ ಎಡಗಾಲು ಸಿಕ್ಕಿಕೊಂಡಾಗ ಸಂಜೆ ನಾಲ್ಕೂ ಮುಕ್ಕಾಲು. ಹೊತ್ತು ಅಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಬೀಳುವ ಮುಂಚೆ ಡೇರಿಯ ಕಾರ್ಯದರ್ಶಿ ಶಿವಪ್ರಸಾದನಿಗೆ ಗಡಿಯಾರ ತೋರಿಸಿ, ಹಾಲು ಹಾಕುವವರು ಬರುವುದರೊಳಗೆ ಕೆಲಸ ನೋಡಿ ಸಹಿ ಮಾಡಿಬಿಡಪ್ಪ ಎಂದು ಅವಸರಪಡಿಸುತ್ತಿದ್ದೆ. ಜಾಲರಿ ಮಾಡಿಸಿ ತಂದು ಕೂರಿಸಿದ್ದು ನಾನೇ. ಎಷ್ಟು ಗಟ್ಟಿ ಇದೆ ನೋಡು ಎಂದು ಅದರ ಮೇಲೆ ನಿಂತು ಒಂದು ಸಲ ಕುಪ್ಪಳಿಸಿದೆ. ಎರಡನೇ ಸಲಕ್ಕೆ ಜಾರಿದೆ.

ಜಾಲರಿ ಗಟ್ಟಿಯಾಗಿಯೇ ಇತ್ತು. ಮೋಸ ಇದ್ದದ್ದು ಸರಳುಗಳ ನಡುವಿನ ಸಂದಿನಲ್ಲಿ. ಎರಡಿಂಚು ಬಿಡಬೇಕೆಂದು ಮಾತಾಗಿತ್ತು, ನಾನು ನಾಲ್ಕೂವರೆ ಬಿಟ್ಟಿದ್ದೆ. ಹಸುವಿನ ಕಾಲು ಇಳಿಯಬಾರದು ಎಂದು ಶಿವಪ್ರಸಾದ ಮೊದಲೇ ಹೇಳಿದ್ದ. ಹಸುಗಳು ಇಲ್ಲಿಗೆ ಬರುವುದಿಲ್ಲ, ಬರುವುದು ಕ್ಯಾನುಗಳು ಮಾತ್ರ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ಅರ್ಧದಷ್ಟು ಸರಳು ಉಳಿಸಿದ್ದೆ. ಈಗ ಎರಡು ಸರಳುಗಳ ನಡುವೆ ನನ್ನ ಕಾಲು ಮಂಡಿ ದಾಟಿ ಇನ್ನೊಂದು ಗೇಣು ಕೆಳಗಿಳಿದು ಗೂಟ ಹೊಡೆದ ಹಾಗೆ ಕೂತಿತ್ತು. ಬಲಗಾಲು ಮಡಿಚಿಕೊಂಡು ಜಾಲರಿಯ ಮೇಲೆ. ಕೆಳಗೆ ಕ್ಯಾನು ತೊಳೆದ ನೀರಿನ ಹುಳಿ ವಾಸನೆ.

ನನ್ನ ಹೆಸರು ವಿಜಯಕುಮಾರ್. ನಮ್ಮಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಗಣಿ ಮುಚ್ಚಿದ ಮೇಲೆ ನಾನು ಅಲ್ಲೇ ಊರಿಗಾಂನಲ್ಲಿ ವೆಲ್ಡಿಂಗ್ ಶೆಡ್ಡು ಹಾಕಿದೆ. ಗೇಟು, ಗ್ರಿಲ್ಲು, ಶೀಟಿನ ಚಾವಣಿ, ಹೀಗೆ ಸಿಕ್ಕ ಕೆಲಸವೆಲ್ಲ ಮಾಡುತ್ತೇನೆ. ಆರು ವರ್ಷದಿಂದ ನರೇಶ್ ನನ್ನ ಜೊತೆಗಿದ್ದಾನೆ. ಇದೇ ಬೂದಿಕೋಟೆ ಪಕ್ಕದ ಹಳ್ಳಿಯವನು, ಮಾತು ಕಡಿಮೆ, ಕೈ ಚುರುಕು. ಅವತ್ತು ಜಾಲರಿಯ ಅಂಚು ಸ್ವಲ್ಪ ಸವರುವುದಿತ್ತೆಂದು ಟೆಂಪೊದಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಾಕಿಕೊಂಡು ಅವನೂ ಬಂದಿದ್ದ.

ಮೊದಲ ಹತ್ತು ನಿಮಿಷ ನಾನು ಎಲ್ಲರಿಗೂ ಬೈದೆ. ಶಿವಪ್ರಸಾದ ಮತ್ತು ನರೇಶ್ ಕಂಕುಳಿಗೆ ಕೈ ಕೊಟ್ಟು ಎಳೆದರು. ಮಂಡಿಚಿಪ್ಪು ಸರಳಿಗೆ ತಗುಲಿ ನಾನು ಕೂಗಿದ ಕೂಗಿಗೆ ಇಬ್ಬರೂ ಕೈ ಬಿಟ್ಟರು. ಸೋಪಿನ ನೀರು ಸುರಿದರು, ಕೊಬ್ಬರಿ ಎಣ್ಣೆ ಸುರಿದರು. ಟೆಂಪೊದ ಜಾಕಿ ತಂದರೆ ಅದು ಸಂದಿನಲ್ಲಿ ಹಿಡಿಸಲಿಲ್ಲ. ಗರಗಸ ಹಚ್ಚಿದರೆ ಪಕ್ಕದ ಸರಳುಗಳು ಅಡ್ಡ ಬಂದು ಆಡಿಸಲು ಜಾಗವೇ ಇರಲಿಲ್ಲ. ಅಗ್ನಿಶಾಮಕದವರಿಗೆ ಫೋನು ಮಾಡಿದರು. ಗಾಡಿ ದೂರದಲ್ಲಿದೆ, ಬರಲು ಒಂದೂವರೆ ಗಂಟೆಯಾದರೂ ಬೇಕು ಎಂದರು. ಅಷ್ಟರಲ್ಲಿ ತೊಡೆ ಊದಿಕೊಂಡು ಸರಳು ಇನ್ನಷ್ಟು ಒತ್ತುತ್ತಿತ್ತು. ನರೇಶ್ ಬೋರಲು ಮಲಗಿ ಸಂದಿನಿಂದ ಕೈ ಇಳಿಸಿ ನನ್ನ ಪಾದ ಮುಟ್ಟಿ ನೋಡಿದ. ತಣ್ಣಗಾಗಿದೆ, ಬೆರಳು ನೀಲಿ ತಿರುಗುತ್ತಿದೆ ಎಂದ. ಅವನು ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಉಳಿದದ್ದು ಒಂದೇ ದಾರಿ. ಗ್ರೈಂಡರಿನಿಂದ ಒಂದು ಸರಳಿನ ಎರಡೂ ತುದಿ ಕೊಯ್ದು ಅದನ್ನು ಎತ್ತಿಬಿಡುವುದು. ಒಂದೂವರೆ ಅಡಿ ಅಗಲದ ಚರಂಡಿ, ನಾನು ಸಿಕ್ಕಿಕೊಂಡದ್ದು ನಟ್ಟನಡುವೆ. ಯಾವ ತುದಿ ಕೊಯ್ದರೂ ನನ್ನ ತೊಡೆಗೆ ಒಂದು ಗೇಣು ದೂರ. ಕೂತಿದ್ದ ನನ್ನ ಮುಖಕ್ಕೂ ಹೆಚ್ಚು ದೂರವೇನಲ್ಲ. ನರೇಶ್ ಟೆಂಪೊದಿಂದ ಮಷಿನ್ನು ತಂದ, ಜೊತೆಗೆ ಅದಕ್ಕೆ ಹಾಕುವ ಕಟಿಂಗ್ ವೀಲಿನ ಪೆಟ್ಟಿಗೆ ತಂದ. ಆ ಪೆಟ್ಟಿಗೆ ಕಂಡದ್ದೇ ನನ್ನ ಬೈಗುಳ ನಿಂತುಹೋಯಿತು.

ಅಷ್ಟು ಹೊತ್ತಿಗೆ ಹಾಲಿನವರು ಬಂದು ಸಾಲು ನಿಂತಿದ್ದರು. ಹಾಲು ಅಳೆಯುವುದು ಬಿಟ್ಟು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಸಾಲಿನಲ್ಲಿ ಮೂರನೆಯವಳಾಗಿ, ಸೊಂಟಕ್ಕೆ ಕ್ಯಾನು ಆನಿಸಿಕೊಂಡು, ವೆಂಕಟರತ್ನಮ್ಮ ನಿಂತಿದ್ದಳು. ವೆಂಕಿಯ ತಾಯಿ.

ವೆಂಕಿ ನನ್ನ ಶೆಡ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದ ಹುಡುಗ. ಹನ್ನೊಂದು ತಿಂಗಳ ಹಿಂದೆ ಗೇಟಿನ ಪೈಪು ಕೊಯ್ಯುವಾಗ ವೀಲು ಒಡೆದು ಅದರ ಚೂರು ಅವನ ಬಲಗಣ್ಣಿಗೆ ಹೊಡೆಯಿತು. ಕಣ್ಣು ಹೋಯಿತು. ಪರಿಹಾರದ ಕೇಸು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ನಡೆಯುತ್ತಿದೆ. ಅಲ್ಲಿ ನಾನು ಕೊಟ್ಟ ಹೇಳಿಕೆ ಇಷ್ಟು: ವೀಲು ಒಳ್ಳೆಯದೇ ಇತ್ತು, ಹುಡುಗನೇ ಚೂರು ತಡೆಯುವ ಗಾರ್ಡು ಬಿಚ್ಚಿ, ವೀಲನ್ನು ಓರೆಯಾಗಿ ಒತ್ತಿ ಒಡೆದುಕೊಂಡ. ಕಣ್ಣಾರೆ ನೋಡಿದ ಸಾಕ್ಷಿ ಎಂದು ನರೇಶನಿಂದಲೂ ಹಾಗೇ ಹೇಳಿಸಿದೆ. ಅವನು ಎರಡು ದಿನ ಆಗಲ್ಲ ಎಂದ. ನಿನಗೂ ಮನೆ ಮಠ ಇದೆ, ಶೆಡ್ಡು ಮುಚ್ಚಿದರೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದೆ. ಮೂರನೇ ದಿನ ಬಂದು ನಾನು ಹೇಳಿದ್ದಕ್ಕೆಲ್ಲ ಹೂಂ ಎಂದ. ಮುಂದಿನ ವಿಚಾರಣೆ ಎಂಟನೇ ತಾರೀಕಿಗಿತ್ತು.

ವೆಂಕಿ ಹಿಡಿದ ಮಷಿನ್ನಿಗೆ ಗಾರ್ಡು ಎಂದೂ ಇರಲೇ ಇಲ್ಲ. ಇನ್ನು ವೀಲಿನ ವಿಷಯ. ಕಟಿಂಗ್ ವೀಲೆಂದರೆ ಹಪ್ಪಳದಷ್ಟು ತೆಳ್ಳಗಿನ, ಅಂಗೈ ಅಗಲದ ಬಿಲ್ಲೆ. ಮರಳಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ, ನಡುವೆ ನೂಲಿನ ಬಲೆ ಇಟ್ಟು ಒತ್ತಿರುತ್ತಾರೆ. ಅದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗಬೇಕು. ಅಂಟು ಹಳತಾದರೆ, ನೀರು ಕುಡಿದರೆ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಪ್ರತಿ ವೀಲಿನ ನಡುವಿನ ತಗಡಿನ ಉಂಗುರದ ಮೇಲೆ ಎಲ್ಲಿಯವರೆಗೆ ಬಳಸಬಹುದೆಂದು ತಿಂಗಳು, ವರ್ಷ ಒತ್ತಿರುತ್ತಾರೆ. ಹೋದ ವರ್ಷ ಬಂಗಾರಪೇಟೆಯ ಒಬ್ಬ ವ್ಯಾಪಾರಿ ಗೋಡೌನು ಖಾಲಿ ಮಾಡುತ್ತಿದ್ದ. ಒಳ್ಳೆಯ ಒಂದು ವೀಲಿನ ಬೆಲೆಗೆ ಮೂರು ಕೊಡುತ್ತೇನೆ ಎಂದ. ಉಂಗುರ ತಿರುಗಿಸಿ ನೋಡಿದೆ. ತಾರೀಕು ಮುಗಿದು ಒಂದೂವರೆ ವರ್ಷವಾಗಿತ್ತು. ಇಂಗ್ಲಿಷ್ ಔಷಧಿಯನ್ನೇ ತಾರೀಕು ಮುಗಿದ ಮೇಲೆ ನುಂಗಿ ಬದುಕಿದವನು ನಾನು, ಕಬ್ಬಿಣ ಕೊಯ್ಯುವ ಬಿಲ್ಲೆಗೆ ಎಂಥ ತಾರೀಕು ಎಂದುಕೊಂಡು ಇಡೀ ರಾಶಿ ಎತ್ತಿಕೊಂಡು ಬಂದೆ.

ಬಂದ ಹದಿನೈದು ದಿನಕ್ಕೆ ಆಯುಧಪೂಜೆ. ನಮ್ಮ ಶೆಡ್ಡಿನಲ್ಲಿ ಪೂಜೆ ಜೋರು. ಮಷಿನ್ನುಗಳ ಜೊತೆಗೆ ವೀಲಿನ ಪೆಟ್ಟಿಗೆಗಳನ್ನೂ ಬಾಯಿ ಬಿಚ್ಚಿ ಸಾಲಾಗಿ ಇಟ್ಟೆ. ಒಂದೊಂದು ಪೆಟ್ಟಿಗೆಯ ಮೇಲಿನ ವೀಲಿಗೂ ಉಂಗುರದ ಮೇಲೆ ಗಂಧ ಬಳಿದು ಕುಂಕುಮ ಇಟ್ಟೆ. ಆಮೇಲೆ ಮಾವಿನೆಲೆಯಲ್ಲಿ ಅರಿಶಿನದ ನೀರು ಚಿಮುಕಿಸಿದೆ. ಹೊಸ ಮಾಲಲ್ಲವೇ, ಹೊಸದಕ್ಕೆ ಕೈ ತುಂಬ ಚಿಮುಕಿಸಬೇಕು ಎಂದು ಎರಡು ಚೊಂಬು ನೀರು ಖಾಲಿ ಮಾಡಿದೆ. ರಟ್ಟಿನ ಪೆಟ್ಟಿಗೆಗಳು ತೊಯ್ದು ಮೆತ್ತಗಾದವು. ವಾರ ಬಿಟ್ಟು ಅವನ್ನು ಹಾಗೇ ಮುಚ್ಚಿ ಅಟ್ಟದ ಮೇಲಿಟ್ಟೆವು. ತಿಂಗಳಾದ ಮೇಲೆ ವೆಂಕಿ ಬಿಚ್ಚಿದ್ದು ಅಂಥದೇ ಒಂದು ಪೆಟ್ಟಿಗೆ. ಪೂಜೆಯಾದದ್ದು ಎಂದು ಮೇಲಿನ ವೀಲಿಗೆ ಕೈ ಮುಗಿದು ಮಷಿನ್ನಿಗೆ ಹಾಕಿಕೊಂಡನಂತೆ.

ವೆಂಕಿಯ ಕಣ್ಣು ಹೋದ ಮಾರನೇ ದಿನವೇ ಆ ರಾಶಿಯನ್ನು ಎಸೆದು ಹೊಸ ವೀಲು ತರಬಹುದಿತ್ತು. ತರಲಿಲ್ಲ. ಈಗ ವೀಲು ಬದಲಾಯಿಸಿದರೆ ಹಳೆಯದು ಕೆಟ್ಟದಿತ್ತೆಂದು ನೀವೇ ಒಪ್ಪಿಕೊಂಡ ಹಾಗೆ, ಕೇಸು ಮುಗಿಯುವವರೆಗೆ ಅದನ್ನೇ ಬಳಸಿ ಎಂದು ನಮ್ಮ ವಕೀಲರು ಹೇಳಿದರು. ಆಸ್ಪತ್ರೆಗೆ ಊಟ ಕಳಿಸುವುದನ್ನೂ ನಿಲ್ಲಿಸಿ ಎಂದರು. ನನ್ನ ಹೆಂಡತಿ ಕಲಾ ಮೂರು ದಿನ ವೆಂಕಟರತ್ನಮ್ಮನ ಜೊತೆ ಆಸ್ಪತ್ರೆಯಲ್ಲಿ ಕೂತು ಬಂದಿದ್ದಳು, ನಾಲ್ಕನೇ ದಿನ ನಾನು ಬಾಗಿಲಲ್ಲಿ ನಿಂತು ತಡೆದೆ. ಹೀಗೆ ಹನ್ನೊಂದು ತಿಂಗಳು, ಒಡೆಯುತ್ತವೆ ಎಂದು ಗೊತ್ತಿದ್ದ ವೀಲುಗಳನ್ನೇ ನನ್ನ ಹುಡುಗರ ಕೈಗೆ ಕೊಡುತ್ತಾ ಬಂದೆ. ಅವರು ಮಷಿನ್ನು ಹಿಡಿದಾಗ ನಾನು ಶೆಡ್ಡಿನ ಹೊರಗೆ ಹೋಗಿ ಟೀ ಕುಡಿಯುತ್ತಿದ್ದೆ.

ಇವತ್ತು ಹೊರಗೆ ಹೋಗುವ ಹಾಗಿರಲಿಲ್ಲ.

ನರೇಶ್ ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆ ಬಿಚ್ಚಿದ. ಮೇಲಿನ ವೀಲಿನ ನಡುವೆ ಒಣಗಿದ ಕುಂಕುಮ ಹಾಗೇ ಇತ್ತು. ಶಿವಪ್ರಸಾದ ಡೇರಿಯೊಳಗಿಂದ ವೈರು ಎಳೆದು ಕರೆಂಟು ಕೊಟ್ಟ. ಬೇಗ ಆಗಲಿ, ಹಾಲು ಕೆಟ್ಟುಹೋಗುತ್ತೆ ಎಂದು ಯಾರೋ ಗೊಣಗಿದರು. ನಾನು ಮಾತ್ರ ಆ ವೀಲನ್ನೇ ನೋಡುತ್ತಿದ್ದೆ. ಅದು ಒಡೆದರೆ ಚೂರು ತೊಡೆಗೆ ನಾಟುತ್ತದೋ ಮುಖಕ್ಕೆ ಬರುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ. ವೆಂಕಿಯ ಮುಖ ಅವತ್ತು ಹೇಗಿತ್ತೆಂದು ಈ ಹನ್ನೊಂದು ತಿಂಗಳಲ್ಲಿ ನಾನು ನೆನಪು ಮಾಡಿಕೊಂಡಿರಲಿಲ್ಲ. ಈಗ ಬೇಡವೆಂದರೂ ಬಂತು.

ಬಸ್ಸು ನಿಲ್ಲುವ ಜಾಗದ ಹತ್ತಿರ ಹಾರ್ಡ್‌ವೇರ್ ಅಂಗಡಿಯೊಂದಿದೆ. ಡೇರಿಯಿಂದ ಇನ್ನೂರು ಹೆಜ್ಜೆ. ಅಲ್ಲಿ ಒಳ್ಳೆಯ ವೀಲು ಸಿಗುತ್ತದೆಂದು ನನಗೂ ಗೊತ್ತು, ನರೇಶನಿಗೂ ಗೊತ್ತು. ಹೋಗಿ ತಾ ಎಂದು ಒಂದು ಮಾತು ಹೇಳಿದರೆ ಆಯಿತು. ಆದರೆ ಸಾಲಿನಲ್ಲಿ ವೆಂಕಟರತ್ನಮ್ಮ ನಿಂತಿದ್ದಾಳೆ. ಈ ವೀಲು ಬೇಡ ಎಂದು ಇಷ್ಟು ಜನರ ಮುಂದೆ ನನ್ನ ಬಾಯಿಂದ ಬಂದರೆ ಎಂಟನೇ ತಾರೀಕಿಗೆ ನಾನು ವಿಚಾರಣೆಗೆ ಹೋಗುವ ಅಗತ್ಯವೇ ಇರುವುದಿಲ್ಲ.

ಅದಕ್ಕೆ ತಮಿಳಿಗೆ ಇಳಿದೆ. ಊರಿಗಾಂನಲ್ಲಿ ಕೆಲಸ ಮಾಡುವವರಿಗೆಲ್ಲ ತಮಿಳು ಬರುತ್ತದೆ. ಬೂದಿಕೋಟೆಯ ಹೆಂಗಸರಿಗೆ ಕನ್ನಡ, ತೆಲುಗು ಎರಡೂ ನೀರು ಕುಡಿದ ಹಾಗೆ, ತಮಿಳು ಮಾತ್ರ ಅಷ್ಟಕ್ಕಷ್ಟೆ. ತಲೆ ಬಗ್ಗಿಸಿ ನರೇಶನ ಕಿವಿಗೆ ಬೀಳುವಷ್ಟೇ ಮೆಲ್ಲಗೆ, ಇದನ್ನು ಹಾಕಬೇಡ, ಪೆಟ್ರೋಲ್ ತರುವ ನೆಪದಲ್ಲಿ ಹೋಗಿ ಹೊಸ ವೀಲು ತಾ ಎಂದೆ. ನರೇಶ್ ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಉತ್ತರ ಕೊಟ್ಟ.

"ಯಾಕಣ್ಣ, ಈ ವೀಲ್ಗೇನಾಗೈತೆ? ಅವತ್ತು ಆಫೀಸ್ನಾಗೆ ಒಳ್ಳೇ ವೀಲು ಅಂತ ನೀನೇ ಅಂದಲ್ಲ. ನಾನೂ ಊಂ ಅಂದೆ."

ಕಾಲು ಸಡಿಲವಾಗಿದ್ದರೆ ಎದ್ದು ಅವನ ಕಪಾಳಕ್ಕೆ ಬಾರಿಸುತ್ತಿದ್ದೆ. ಆರು ವರ್ಷ ಅನ್ನ ಹಾಕಿದ್ದೇನೆ, ಸಮಯ ನೋಡಿ ಕುತ್ತಿಗೆ ಹಿಡಿದನಲ್ಲ ಎಂದು ಹಲ್ಲು ಕಚ್ಚಿದೆ. ಆದರೆ ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ, ಬೆವರಿತ್ತು. ವೀಲು ಒಡೆದರೆ ಮಷಿನ್ನು ಹಿಡಿದವನು ಅವನೇ ಅಲ್ಲವೇ. ಅವನು ವೀಲನ್ನು ಮಷಿನ್ನಿಗೆ ಹಾಕಲಿಲ್ಲ, ಪೆಟ್ಟಿಗೆಯಲ್ಲೂ ಇಡಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಕುಂಕುಮ ಕೆರೆದು ಉಂಗುರವನ್ನು ಬೆಳಕಿಗೆ ಹಿಡಿದು ಓದಿದ. ಓದಿ ನನ್ನ ಕಡೆಗೇ ತಿರುಗಿಸಿ ಹಿಡಿದುಕೊಂಡ.

ವಕೀಲರು ಹೇಳಿದ್ದು ನೆನಪಾಯಿತು. ಶೆಡ್ಡು ನೆನಪಾಯಿತು. ಆಗಲಿ ಹಾಕು, ಕಣ್ಣು ಮುಚ್ಚಿಕೊಂಡು ಕೂರುತ್ತೇನೆ, ಏನಾದರಾಗಲಿ ಎಂದು ಒಂದು ಕ್ಷಣ ಧೈರ್ಯ ಮಾಡಿದೆ. ನರೇಶ್ ವೀಲನ್ನು ಮಷಿನ್ನಿನ ಹತ್ತಿರ ತಂದ, ನನ್ನ ಧೈರ್ಯ ಅಲ್ಲಿಗೇ ಮುಗಿಯಿತು.

"ಬ್ಯಾಡ ನರೇಶ," ಎಂದೆ. "ಅದು ಒಡೀತೈತೆ. ಅಂಗಡೀಗ್ ಓಗಿ ಬ್ಯಾರೆ ತಕಂಬಾ."

ಮೆಲ್ಲಗೆ ಹೇಳಿದೆನೆಂದುಕೊಂಡಿದ್ದೆ. ಆದರೆ ಕೊನೆಯಲ್ಲಿ ನಿಂತಿದ್ದವರಿಗೂ ಕೇಳಿಸಿತ್ತು. ವೆಂಕಟರತ್ನಮ್ಮ ಕ್ಯಾನನ್ನು ಕೆಳಗಿಟ್ಟು ಸಾಲು ಬಿಟ್ಟು ನನ್ನ ಹತ್ತಿರ ಬಂದಳು. ನಿಂತೇ ಇದ್ದಳು, ನಾನು ಕತ್ತೆತ್ತಿ ನೋಡಬೇಕಾಯಿತು. ಬಿಸಿಲಿಗೆ ಮುಖ ಸರಿಯಾಗಿ ಕಾಣಲಿಲ್ಲ.

"ಒಡೀತೈತೆ ಅಂತ ನಿಂಗ್ ಮೊದ್ಲೇ ಗೊತ್ತಿತ್ತೇನಪ್ಪ?"

ಸುಳ್ಳು ಹೇಳಬಹುದಿತ್ತು. ಈಗಷ್ಟೇ ಅನುಮಾನ ಬಂತು ಎನ್ನಬಹುದಿತ್ತು. ಆದರೆ ನರೇಶ್ ಎದ್ದಿರಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಾ ವೀಲು ಹಿಡಿದುಕೊಂಡೇ ಕೂತಿದ್ದ. ನನ್ನ ತೊಡೆ ಬಡಿದುಕೊಳ್ಳುತ್ತಿತ್ತು.

"ಗೊತ್ತಿತ್ತು," ಎಂದೆ. "ತಾರೀಕು ಮುಗ್ದೋಗಿತ್ತು. ನೋಡೇ ತಂದಿದ್ದೆ."

ನರೇಶ್ ಎದ್ದು ಓಡಿದ. ಅವನು ಬರುವವರೆಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಶಿವಪ್ರಸಾದನೂ ಡೇರಿಯೊಳಗೆ ಹೋಗಿ ಏನೋ ಹುಡುಕುವವನ ಹಾಗೆ ನಿಂತ. ಏಳೆಂಟು ನಿಮಿಷವಾಗಿರಬೇಕು. ಊರೆಲ್ಲ ನೋಡುವಾಗ ಕಾಲು ಸಿಕ್ಕಿಸಿಕೊಂಡು ಕೂರುವುದಕ್ಕಿಂತ, ಆ ಮಾತು ಆಡಿ ಅಲ್ಲೇ ಕೂತಿರುವುದು ಕಷ್ಟ. ಎದ್ದು ಹೋಗಲು ಆಗುವುದಿಲ್ಲ, ಮುಖ ತಿರುಗಿಸಿದರೆ ಆ ಕಡೆಯೂ ಜನ.

ನರೇಶ್ ನಾಲ್ಕು ವೀಲು ತಂದಿದ್ದ. ಒಂದೊಂದನ್ನೂ ಬೆಳಕಿಗೆ ಹಿಡಿದು ತಾರೀಕು ನೋಡಿದ, ಅಂಚು ಮುಕ್ಕಾಗಿದೆಯೇ ಎಂದು ಬೆರಳಾಡಿಸಿದ, ಅದರ ಮೇಲೆ ಬರೆದಿದ್ದ ಸುತ್ತಿನ ಸಂಖ್ಯೆ ಮಷಿನ್ನಿನ ಸುತ್ತಿಗಿಂತ ಹೆಚ್ಚಿದೆಯೇ ಎಂದು ನೋಡಿದ. ಒಂದನ್ನು ಹಾಕಿ, ಈ ಮಷಿನ್ನಿಗೆ ಇದ್ದ ಗಾರ್ಡನ್ನು ತನ್ನ ಕಡೆಗೆ ಬರುವ ಹಾಗೆ ತಿರುಗಿಸಿ ಬಿಗಿದ. ಗೋಡೆಯ ಕಡೆ ಮುಖ ಮಾಡಿ ಒಂದು ನಿಮಿಷ ಸುಮ್ಮನೆ ಓಡಿಸಿದ. ಇಷ್ಟೆಲ್ಲ ಅವನಿಗೆ ಯಾರು ಕಲಿಸಿದರೋ, ನಾನಂತೂ ಕಲಿಸಿರಲಿಲ್ಲ. ಒದ್ದೆ ಗೋಣಿಚೀಲವನ್ನು ನನ್ನ ತೊಡೆಗೆ ಸುತ್ತಿದ. ತನ್ನ ಕನ್ನಡಕ ಹಾಕಿಕೊಂಡ. ಇನ್ನೊಂದು ಕನ್ನಡಕವಿರಲಿಲ್ಲ. ಶೆಡ್ಡಿಗೆಲ್ಲ ಒಂದೇ ತಂದಿದ್ದೆ.

ಕಿಡಿ ಮುಖಕ್ಕೆ ಬರುತ್ತೆ, ಯಾರಾದರೂ ಅಣ್ಣನ ತಲೆ ಹಿಡಿದುಕೊಂಡು ಮುಖಕ್ಕೆ ಬಟ್ಟೆ ಮುಚ್ಚಿ ಎಂದು ನರೇಶ್ ಹೇಳಿದ. ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅವರನ್ನು ದೂರುವುದಿಲ್ಲ. ನಾನೇ ಈಗಷ್ಟೇ ವೀಲು ಒಡೆಯುತ್ತದೆ ಎಂದು ಹೇಳಿ ಹೆದರಿಸಿದ್ದೆ. ವೆಂಕಟರತ್ನಮ್ಮ ಹೆಗಲ ಮೇಲಿದ್ದ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ನನ್ನ ಬೆನ್ನ ಹಿಂದೆ ಮಂಡಿಯೂರಿ ಕೂತಳು. ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮುಖಕ್ಕೆ ಮುಚ್ಚಿದಳು. ಅದರ ಮೇಲೆ, ಸರಿಯಾಗಿ ಎರಡು ಕಣ್ಣಿನ ಮೇಲೆ, ತನ್ನ ಎರಡೂ ಅಂಗೈ ಇಟ್ಟಳು.

ಮಷಿನ್ನು ಕೂಗಿತು. ಕತ್ತಲೆಯಲ್ಲಿ ನನಗೆ ಆ ಸದ್ದು ಮತ್ತು ಅವಳ ಕೈಯ ಭಾರ ಎರಡೇ. ಕಿಡಿಗಳು ಅವಳ ಕೈಯ ಹಿಂಭಾಗಕ್ಕೆ ಬೀಳುತ್ತಿದ್ದಿರಬೇಕು, ಕೈ ಒಂದೆರಡು ಸಲ ಅದುರಿತು. ತೆಗೆಯಲಿಲ್ಲ. ನಾನು ಅತ್ತೆ. ಟವೆಲ್ಲು ಹೇಗೂ ಒದ್ದೆಯಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮೊದಲ ತುದಿ ತುಂಡಾಯಿತು. ನರೇಶ್ ಸರಳಿಗೆ ನೀರು ಹೊಯ್ದ, ವೀಲನ್ನು ಒರೆಸಿ ನೋಡಿ ಇನ್ನೊಂದು ತುದಿಗೆ ಹಚ್ಚಿದ. ಸರಳು ಕಳಚಿತು. ನಾಲ್ಕು ಜನ ಸೇರಿ ನನ್ನನ್ನು ಎತ್ತಿ ಪಕ್ಕದ ಕಟ್ಟೆಯ ಮೇಲೆ ಮಲಗಿಸಿದರು. ಎರಡು ತುದಿ ಕೊಯ್ದರೂ ಆ ವೀಲು ಹೆಚ್ಚು ಸವೆದಿರಲಿಲ್ಲ. ನಾನು ತಂದ ವೀಲಾದರೆ ಅಷ್ಟು ದಪ್ಪ ಸರಳಿಗೆ ಎರಡು ಬೇಕಾಗುತ್ತಿತ್ತು. ಅಗ್ಗವೆಂದು ತಂದದ್ದರಲ್ಲಿ ಉಳಿದದ್ದೇನು ಎಂಬ ಲೆಕ್ಕವನ್ನು ನಾನು ಒಂದು ದಿನವೂ ಹಾಕಿರಲಿಲ್ಲ.

ಕಾಲಿಗೆ ರಕ್ತ ಇಳಿದು ಮುಳ್ಳು ಚುಚ್ಚಿದಂತೆ ನೋಯತೊಡಗಿತು. ಬೆರಳು ಅಲ್ಲಾಡಿಸಿದೆ, ಅಲ್ಲಾಡಿದವು. ಆಹಾ, ಕಾಲು ಉಳಿಯಿತು ಎಂದುಕೊಂಡೆ. ವೆಂಕಟರತ್ನಮ್ಮ ಟವೆಲ್ಲು ತೆಗೆದು ನನ್ನ ಎದುರಿಗೆ ಬಂದು ನಿಂತಳು.

"ಈಗ್ ಕಾಲು ಈಚೆಗ್ ಬಂತಲ್ಲ," ಎಂದಳು. "ಈಗೊಂದ್ ಸಲ ಅನ್ನು ಆ ಮಾತ್ನ."

ನನ್ನನ್ನು ಯಾರೂ ಹಿಡಿದಿರಲಿಲ್ಲ. ಮಷಿನ್ನು ನಿಂತಿತ್ತು. ವಕೀಲರು ಏನು ಹೇಳುತ್ತಾರೆಂದು ಫೋನು ಮಾಡದೆಯೇ ನನಗೆ ಕೇಳಿಸಿತು: ನೋವಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ನನ್ನ ನಾಲಿಗೆ ನನ್ನನ್ನು ಕೇಳದೆ ಆ ದಾರಿ ಹಿಡಿಯಿತು.

"ನೋವ್ನಾಗೆ ಏನಂದ್ನೋ, ನಂಗೇ ಗ್ಯಾನ ಇಲ್ಲಮ್ಮ."

ಅವಳು ಶಾಪ ಹಾಕಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಬಚಾವಾಗುತ್ತಿದ್ದೆ. ಅವಳು ತಲೆಯಾಡಿಸಿ ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡಳು. ಇದು ಅವಳಿಗೆ ಗೊತ್ತಿದ್ದದ್ದೇ ಎಂಬಂತಿತ್ತು. ಮಷಿನ್ನಿನಿಂದ ವೀಲು ಬಿಚ್ಚುತ್ತಿದ್ದ ನರೇಶ್ ಅದನ್ನು ಅಲ್ಲೇ ಬಿಟ್ಟು ಎದ್ದ. ಕುಂಕುಮದ ವೀಲಿದ್ದ ಪೆಟ್ಟಿಗೆಯನ್ನು ಎತ್ತಿ ಅವಳ ಕೈಗೆ ಕೊಟ್ಟ. ಊರಿನ ವರಸೆಯಲ್ಲಿ ಅವಳು ಅವನಿಗೆ ಅತ್ತೆ.

"ಇದ್ನ ಮಡೀಕೋ ಅತ್ತೆ. ಎಂಟ್ನೇ ತಾರೀಕು ನಾನ್ ಬತ್ತೀನಿ. ಅವತ್ತು ಸುಳ್ಳಾಡ್ದೋನು ನಾನೇ, ನಾನೇ ಸರಿ ಮಾಡ್ತೀನಿ."

ಅವನಿಗೆ ನಾಳೆಯಿಂದ ಕೆಲಸವಿಲ್ಲ ಎನ್ನಲು ಬಾಯಿ ತೆರೆದೆ. ಎದ್ದು ನಿಲ್ಲಲು ಹೋಗಿ ಕುಸಿದೆ. ನನ್ನನ್ನು ಹಿಡಿದುಕೊಂಡವನೂ ಅವನೇ.

ಬಂಗಾರಪೇಟೆಯ ಆಸ್ಪತ್ರೆಗೆ ಹೋಗಲೇಬೇಕಿತ್ತು. ನಮ್ಮ ಟೆಂಪೊ ಇತ್ತು, ಓಡಿಸಲು ನರೇಶ್ ಇದ್ದ. ವೆಂಕಟರತ್ನಮ್ಮನ ಕೇಸು ನೋಡುತ್ತಿದ್ದ ವಕೀಲರೂ ಬಂಗಾರಪೇಟೆಯವರೇ. ಪೆಟ್ಟಿಗೆಯನ್ನು ಇವತ್ತೇ ಅವರ ಕೈಗೆ ಮುಟ್ಟಿಸುತ್ತೇನೆಂದು ಅವಳು ಹಾಲಿನ ಕ್ಯಾನನ್ನು ಶಿವಪ್ರಸಾದನಿಗೆ ಒಪ್ಪಿಸಿ ಟೆಂಪೊ ಹತ್ತಿದಳು. ಮುಂದೆ ಡ್ರೈವರಿಗೆ ಬಿಟ್ಟು ಜಾಗವಿಲ್ಲ. ಹಿಂದುಗಡೆ ತಗಡಿನ ಮೇಲೆ ಕಾಲು ಚಾಚಿ ನಾನು, ಎದುರಿಗೆ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಅವಳು. ಪಕ್ಕದಲ್ಲಿ ಕಳಚಿದ ಸರಳು ಉರುಳಾಡುತ್ತಿತ್ತು. ಜಾಲರಿಯಿಂದ ಹೊರಗೆ ಬಂದದ್ದು ಇಲ್ಲಿ ಕೂರುವುದಕ್ಕಾಗಿಯೇ ಎನಿಸಿತು. ಹಳ್ಳ ಬಂದಾಗಲೆಲ್ಲ ನನ್ನ ಕಾಲು ಹಾರಿ ಬೀಳುತ್ತಿತ್ತು. ನಾಲ್ಕನೇ ಸಲಕ್ಕೆ ಅವಳು ಒಂದು ಕೈಯಿಂದ ನನ್ನ ಹಿಮ್ಮಡಿ ಹಿಡಿದುಕೊಂಡಳು. ಆ ಕೈಯ ಹಿಂಭಾಗದಲ್ಲಿ ಕಿಡಿ ಬಿದ್ದ ಕಡೆ ಸಣ್ಣ ಸಣ್ಣ ಬೊಬ್ಬೆಗಳು ಎದ್ದಿದ್ದವು.

ಅರ್ಧ ದಾರಿಯವರೆಗೂ ತಡೆದೆ. ಆಮೇಲೆ ಕೇಳಿಯೇಬಿಟ್ಟೆ. ಎಲ್ಲರೂ ಹಿಂದೆ ಸರಿದರು, ನೀನು ಯಾಕೆ ನನ್ನ ಕಣ್ಣು ಮುಚ್ಚಿದೆ ಎಂದೆ.

ಅವಳು ನನ್ನ ಮುಖ ನೋಡಲಿಲ್ಲ, ಹಿಂದೆ ಸರಿಯುವ ರಸ್ತೆ ನೋಡುತ್ತಲೇ ಹೇಳಿದಳು.

"ನಿನ್ ಎಂಡ್ತಿ ಮಕ ಗ್ಯಾಪ್ಕ ಬಂತು. ಆಸ್ಪತ್ರೇನಾಗೆ ಮೂರ್ ದಿನ ನನ್ ಜೊತೆ ಕುಂತಿದ್ಲು. ಕಣ್ ಕಳ್ಕಂಡೋನ್ನ ಮನ್ಯಾಗೆ ಮಡೀಕಂಡು ದಿನಾ ನೋಡೋದು ಏನಂತ ನಂಗೊತ್ತು. ಆ ಎಣ್ಮಗ್ಳಿಗೆ ಯಾಕದು."

ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು, ನಿಂತೆವು. ಆಗ ಹೇಳಿದೆ, ಎಂಟನೇ ತಾರೀಕು ನಾನೇ ಬಂದು ಎಲ್ಲ ಹೇಳುತ್ತೇನೆ, ಗಾರ್ಡಿನ ವಿಷಯವನ್ನೂ ಹೇಳುತ್ತೇನೆ ಎಂದು. ಅವಳು ಹೂಂ ಎಂದಳು. ಕಾಲು ಹಿಡಿದಿದ್ದ ಕೈ ಹಾಗೇ ಇತ್ತು. ಇನ್ನೊಂದು ಕೈಯಿಂದ ಪೆಟ್ಟಿಗೆಯನ್ನು ತನ್ನ ಕಡೆಗೆ ಇನ್ನಷ್ಟು ಎಳೆದುಕೊಂಡಳು.